ಹದಿನೇಳನೇ ಕುಟುಂಬ

“ನಿಮಗೆ ಮದುವೆ ಗೊತ್ತಾಗಿದೆಯಾ?”

ಜಗದಾಂಬಾ ತಬ್ಬಿಬ್ಬಾದಳು. ಕೇಳಿದವನು ಯಾರೆಂದೇ ಅವಳಿಗೆ ಗೊತ್ತಿಲ್ಲ. ಬಿಳಿ ಕೋಟು, ಕಿವಿಯ ಸಂದಿಯಲ್ಲಿ ಸಿಕ್ಕಿಸಿದ ಪೆನ್ಸಿಲ್, ಕೈಯಲ್ಲಿ ಉದ್ದನೆಯ ರಿಜಿಸ್ಟರು. ಹೆಸರು ಕೇಳಿರಲಿಲ್ಲ, ಕೂತ್ಕೊಳ್ಳಿ ಅಂದಿರಲಿಲ್ಲ. ನೇರವಾಗಿ ಮದುವೆಯ ಮಾತು.

“ಅದು ನಿಮಗ್ಯಾಕೆ?”

“ಗೊತ್ತಾಗಿದ್ರೆ, ಹುಡುಗ ನಿಮಗೆ ಸಂಬಂಧದಲ್ಲಿ ಏನಾಗ್ಬೇಕು ಅಂತ ಹೇಳಿ,” ಎಂದ ಅವನು, ರಿಜಿಸ್ಟರಿನಿಂದ ತಲೆಯೆತ್ತದೆ.

ಅವಳ ಕಿವಿ ಬಿಸಿಯಾಯಿತು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಸೋದರಮಾವ ಕರಿಬಸಯ್ಯನವರು ಮುಸಿಮುಸಿ ನಗುತ್ತಿದ್ದರು.

“ಗೊತ್ತಾಗಿದೆ ಅಂತಾನೇ ಬರ್ಕೊಳ್ಳಿ ಡಾಕ್ಟ್ರೇ. ಇವಳು ನನ್ನ ತಂಗಿ ಮಗಳು. ಹುಡುಗ ನನ್ನ ಮಗ.”

ಪೆನ್ಸಿಲ್ ನಿಂತಿತು. ಆಗ ಅವನು ತಲೆಯೆತ್ತಿದ. ಮೊದಲ ಸಲ ಅವಳ ಮುಖ ನೋಡಿದ. ಆ ನೋಟದಲ್ಲಿ ಇದ್ದದ್ದು ಏನು? ಮರುಕವೋ, ಕುತೂಹಲವೋ? ಜಗದಾಂಬಾಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಅನ್ನುವುದೇ ಅವಳನ್ನು ಇಡೀ ದಿನ ಕಾಡಿತು.

ಅದು 1974ರ ಜೂನ್. ರಾಜಾಜಿನಗರದ ರಾಮಮಂದಿರದ ಹತ್ತಿರದ ಒಂದು ಶಾಲೆಯಲ್ಲಿ ಟ್ರಸ್ಟ್ ಆಸ್ಪತ್ರೆಯೊಂದರವರು ಕಣ್ಣಿನ ಶಿಬಿರ ನಡೆಸುತ್ತಿದ್ದರು. ಜಗದಾಂಬಾ ಎರಡು ಬೀದಿ ಆಚೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ವಯಸ್ಸು ಇಪ್ಪತ್ನಾಲ್ಕು. ಕೆಂಗೇರಿಯಲ್ಲಿದ್ದ ಮಾವನನ್ನು ಹಟ ಮಾಡಿ ಕರೆಸಿಕೊಂಡು ಶಿಬಿರಕ್ಕೆ ಕರೆತಂದವಳು ಅವಳೇ. ಮಾವನಿಗೆ ಹಗಲಲ್ಲಿ ತಕ್ಕಮಟ್ಟಿಗೆ ಕಾಣುತ್ತಿತ್ತು. ದೀಪ ಹಚ್ಚುವ ಹೊತ್ತಾದರೆ ಹೊಸ್ತಿಲನ್ನು ಕಾಲಲ್ಲಿ ತಡಕಬೇಕು. ಮನೆಯಲ್ಲಿ ಅದನ್ನು ಇರುಳುಗುರುಡು ಅನ್ನುತ್ತಿದ್ದರು. ಅಜ್ಜಿಯ ಇಬ್ಬರು ಅಣ್ಣಂದಿರಿಗೂ ಹೀಗೇ ಆಗಿ, ಕೊನೆಗೆ ಹಗಲೂ ಕತ್ತಲಾಗಿತ್ತಂತೆ.

ಬಿಳಿ ಕೋಟಿನವನ ಹೆಸರು ಡಾಕ್ಟರ್ ಏಕಾಂತಯ್ಯ. ದಾವಣಗೆರೆ ಕಡೆಯವನು, ಮೂವತ್ತರ ಆಸುಪಾಸು. ಕಣ್ಣಿನ ಪರದೆ ಒಣಗಿ ಸಾಯುವ ಈ ಕಾಯಿಲೆ ಒಳಸಂಬಂಧದ ಮದುವೆಗಳಿಂದ ಮನೆತನಗಳಲ್ಲಿ ಹೇಗೆ ಇಳಿದು ಬರುತ್ತದೆ ಎಂದು ಎರಡು ವರ್ಷದಿಂದ ಸಂಶೋಧನೆ ಮಾಡುತ್ತಿದ್ದ. ಅದಕ್ಕೇ ಎದುರು ಬಂದವರನ್ನೆಲ್ಲ ಮದುವೆಯ ವಿಷಯ ಕೇಳುವುದು.

“ಔಷಧ ಏನು ಡಾಕ್ಟ್ರೇ?” ಎಂದರು ಮಾವ.

“ಇಲ್ಲ,” ಎಂದ ಅವನು. ಸುತ್ತಿ ಬಳಸಲಿಲ್ಲ. “ಸದ್ಯಕ್ಕೆ ಎಲ್ಲೂ ಇಲ್ಲ. ಆದ್ರೆ ನಿಮ್ಮ ಮನೆಯವರನ್ನೆಲ್ಲ ನೋಡೋಕೆ ಬಿಟ್ರೆ, ಮುಂದೆ ಹುಟ್ಟೋರಿಗೆ ಏನಾದ್ರೂ ಹೇಳಬಹುದು.”

ಜಗದಾಂಬಾ ರಿಜಿಸ್ಟರಿನ ಕಡೆ ಬಗ್ಗಿ ನೋಡಿದಳು. ಅಲ್ಲಿ ಪೆನ್ಸಿಲಿನಲ್ಲಿ ಏನೋ ಗೀಚಿತ್ತು.

“ಇದು ಹಪ್ಪಳಾನಾ ಸಾರ್?”

“ನಿಮ್ಮ ಮಾವನ ಕಣ್ಣು. ಒಳಗಡೆ ಹಿಂಭಾಗ.” ಅವನ ಮುಖ ಕೆಂಪಾಯಿತು. “ಅದರ ಫೋಟೋ ತೆಗೆಯೋ ಕ್ಯಾಮೆರಾ ನಮ್ಮಲ್ಲಿಲ್ಲ. ನನಗೆ ಚಿತ್ರ ಬರಲ್ಲ.”

“ನನಗೆ ಬರತ್ತೆ,” ಎಂದುಬಿಟ್ಟಳು ಜಗದಾಂಬಾ. ಯಾಕೆ ಹಾಗೆ ಅಂದೆ ಎಂದು ಮನೆ ಸೇರುವವರೆಗೂ ಯೋಚಿಸಿದಳು. ತನಗೆ ಕೋಪ ಬರಿಸಿದ ಮನುಷ್ಯನಿಗೆ ಯಾರಾದರೂ ಸಹಾಯ ಮಾಡುತ್ತಾರೆಯೇ?

* * *

ಅಪ್ಪ ಗುರುಸಿದ್ದಯ್ಯನವರು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಆಸ್ಪತ್ರೆಯ ಮುಖ್ಯಸ್ಥೆ ಡಾಕ್ಟರ್ ನೀಲಗಂಗಮ್ಮ ಅನ್ನುವ ಹಿರಿಯ ಹೆಂಗಸು ಎಂದು ವಿಚಾರಿಸಿ ತಿಳಿದ ಮೇಲೆಯೇ ಮಗಳು ಅಲ್ಲಿ ಚಿತ್ರ ಬರೆಯಲು ಹೋಗುವುದಕ್ಕೆ ಅವರು ಒಪ್ಪಿದ್ದು. ವಾರಕ್ಕೆ ಮೂರು ದಿನ, ಶಾಲೆ ಬಿಟ್ಟ ಮೇಲೆ ಎರಡು ಗಂಟೆ.

“ಮೊದಲು ಆರೋಗ್ಯದ ಕಣ್ಣು ಬರೀಬೇಕು,” ಎಂದ ಏಕಾಂತಯ್ಯ ಮೊದಲ ದಿನ. “ಆಮೇಲೆ ಕಾಯಿಲೆಯ ಕಣ್ಣು.”

“ಯಾರ ಕಣ್ಣು?”

“ಸದ್ಯಕ್ಕೆ ಇಲ್ಲಿರೋದು ನಂದೇ.”

ಅವನು ತಾನೇ ಪಾಪೆ ಹಿಗ್ಗುವ ಹನಿ ಬಿಟ್ಟುಕೊಂಡು ಸ್ಟೂಲಿನ ಮೇಲೆ ಕೂತ. ದೀಪವಿರುವ ಪುಟ್ಟ ಉಪಕರಣವನ್ನು ಅವಳ ಕೈಗೆ ಕೊಟ್ಟು, ಹೇಗೆ ಹಿಡಿಯಬೇಕೆಂದು ತೋರಿಸಿದ. ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಹೋದರೆ ಮಾತ್ರ ಒಳಗೆ ಕಾಣುತ್ತದೆ. ಜಗದಾಂಬಾ ಉಸಿರು ಬಿಗಿಹಿಡಿದು ಬಗ್ಗಿದಳು. ಮೊದಲು ಬರೀ ಕೆಂಪು. ಆಮೇಲೆ ಒಮ್ಮೆಲೇ ತಿಳಿಯಾಯಿತು. ಕಿತ್ತಳೆ ಬಣ್ಣದ ಬಯಲು, ನಡುವೆ ಬೆಳಗಿನ ಚಂದ್ರನಂಥ ಒಂದು ಬಿಳಿ ತಟ್ಟೆ, ಅದರಿಂದ ನಾಲ್ಕು ದಿಕ್ಕಿಗೂ ಹರಿದ ಕೆಂಪು ಹೊಳೆಗಳು.

ಈ ಮನುಷ್ಯನ ಊರು ಮನೆ ಯಾವುದೂ ನನಗೆ ಸರಿಯಾಗಿ ಗೊತ್ತಿಲ್ಲ... ಅವನ ಕಣ್ಣಿನೊಳಗೆ ಇಳಿದು ನೋಡ್ತಾ ಇದೀನಲ್ಲ, ಎಂದುಕೊಂಡಳು.

“ದೀಪ ಅಲ್ಲಾಡ್ತಿದೆ ಟೀಚರ್.”

“ಅಲ್ಲಾಡ್ತಾ ಇಲ್ಲ,” ಎಂದಳು, ಅಲ್ಲಾಡುತ್ತಲೇ ಇದ್ದರೂ.

ಹನಿಯ ಪ್ರಭಾವಕ್ಕೆ ಆ ಸಂಜೆ ಅವನಿಗೆ ಒಂದಕ್ಷರ ಓದಲಾಗಲಿಲ್ಲ. ಬಂದಿದ್ದ ಕಾಗದಗಳನ್ನು ಅವಳೇ ಓದಿ ಹೇಳಿದಳು. ಅವುಗಳಲ್ಲಿ ಒಂದು ದಾವಣಗೆರೆಯ ತಾಯಿಯದು. ಸರಿಯಾಗಿ ಊಟ ಮಾಡು, ಇನ್ನೆಷ್ಟು ದಿನ ಒಂಟಿ ಇರ್ತೀಯ, ಎಂದಿತ್ತು. ಓದುತ್ತಾ ಓದುತ್ತಾ ಅವಳ ದನಿ ಸಣ್ಣದಾಯಿತು. ಅವನು ಮಂಜುಮಂಜಾದ ಕಣ್ಣಲ್ಲಿ ಕಿಟಕಿಯ ಕಡೆ ನೋಡುತ್ತಾ, “ಆ ಸಾಲು ಪ್ರತಿ ಕಾಗದದಲ್ಲೂ ಇರತ್ತೆ, ಮುಂದೆ ಹೋಗಿ,” ಎಂದ.

ಹೀಗೆ ಆರು ತಿಂಗಳು ಕಳೆಯಿತು. ಕಾಯಿಲೆಯ ಕಣ್ಣಿನ ಪರದೆಯ ಅಂಚಲ್ಲಿ ಕಪ್ಪು ಕಲೆಗಳು ಜೇಡ ಕಾಲು ಚಾಚಿದ ಹಾಗಿರುತ್ತವೆ ಎಂದು ಅವಳು ಒಮ್ಮೆ ಅಂದಳು. ಪುಸ್ತಕದಲ್ಲಿ ಎಲುಬಿನ ಚೂರಿನ ಹಾಗೆ ಅಂತ ಇದೆ, ನಿಮ್ಮದೇ ಸರಿಯಾಗಿದೆ, ಎಂದು ಅವನು ಬರೆದುಕೊಂಡ. ಅವನು ಹೊಗಳಿದ್ದು ಅಷ್ಟೇ. ಅಷ್ಟಕ್ಕೇ ಅವಳು ಮನೆವರೆಗೂ ನಡೆದೇ ಹೋದಳು. ಬಸ್ಸು ಹತ್ತಬೇಕು ಅನ್ನುವುದೇ ಮರೆತಿತ್ತು.

ಇದೇನಿದು? ಮಾವನ ಮಗ ಶಂಭು ಭಾವ ಇದ್ದಾನೆ. ಹತ್ತು ವರ್ಷದವಳಿದ್ದಾಗಿಂದ ಎಲ್ಲರೂ ಅವನ ಹೆಸರು ಹೇಳಿ ರೇಗಿಸುತ್ತಿದ್ದಾರೆ. ಕೆಂಗೇರಿ ಸ್ಟೇಷನ್ ಹತ್ತಿರ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾನೆ. ಒಳ್ಳೆಯವನು. ದೂರುವುದಕ್ಕೆ ಒಂದು ಮಾತೂ ಇಲ್ಲ. ಮತ್ತೆ ಯಾಕೆ ಅವನ ಮುಖ ನೆನಪಿಸಿಕೊಳ್ಳೋಕೆ ಕೂತರೆ ಕಿವಿ ಸಂದಿಯ ಪೆನ್ಸಿಲ್ ಕಾಣುತ್ತೆ?

* * *

ಡಿಸೆಂಬರಿನಲ್ಲಿ ಏಕಾಂತಯ್ಯ ಮನೆತನಗಳ ನಕ್ಷೆ ಬರೆಯಲು ಕೊಟ್ಟ. ಗಂಡಿಗೆ ಚೌಕ, ಹೆಣ್ಣಿಗೆ ಸುತ್ತು. ಕಾಯಿಲೆ ಇದ್ದರೆ ಒಳಗೆ ಕಪ್ಪು ತುಂಬಬೇಕು. ಒಳಸಂಬಂಧದ ಮದುವೆಗೆ ಎರಡೆರಡು ಗೆರೆ. ಒಟ್ಟು ಮೂವತ್ತೊಂದು ಕುಟುಂಬ. ಹೆಸರಿಲ್ಲ, ನಂಬರು ಮಾತ್ರ.

ಹದಿನೇಳನೆಯದಕ್ಕೆ ಬಂದಾಗ ಅವಳ ಕೈ ನಿಧಾನವಾಯಿತು. ಮೇಲೆ ಇಬ್ಬರು ಕುರುಡ ಅಣ್ಣಂದಿರು, ಅವರ ತಂಗಿ. ತಂಗಿಗೆ ಸೋದರಮಾವನ ಜೊತೆ ಮದುವೆ, ಎರಡು ಗೆರೆ. ಕೆಳಗೆ ಒಂದು ಕಪ್ಪು ಚೌಕ, ಒಂದು ಬಿಳಿ ಸುತ್ತು. ಕಪ್ಪು ಚೌಕದ ಕೆಳಗೆ ಒಬ್ಬ ಮಗ. ಬಿಳಿ ಸುತ್ತಿನ ಕೆಳಗೆ ಒಬ್ಬ ಮಗಳು.

“ಇದು ನಮ್ಮನೆ,” ಎಂದಳು.

“ಹೌದು. ಮೂರು ತಲೆಮಾರು ಪೂರ್ತಿ ಸಿಕ್ಕಿದ್ದು ನಿಮ್ಮದೊಂದೇ.”

“ಇವರಿಬ್ಬರ ಮಧ್ಯೆ ಗೆರೆ ಎಳೀಬೇಕಾ?” ಅವಳ ಪೆನ್ನು ಮಗ ಮಗಳ ನಡುವೆ ನಿಂತಿತ್ತು.

ಅವನು ಬಾಗಿಲ ಹತ್ತಿರ ಹೋಗಿ ಬಂದ. ಆಮೇಲೆ ಪಾಠ ಹೇಳುವವನ ಹಾಗೆ ಹೇಳಿದ. “ನಿಮ್ಮ ಮಾವನಿಗೆ ಕಾಯಿಲೆ ಇದೆ. ಅಂದ್ರೆ ಅವರ ಮಗನಲ್ಲಿ ಅದರ ಬೀಜ ಖಂಡಿತ ಇದೆ, ಆ ಮಗನಿಗೆ ಏನೂ ಆಗಿರದೇ ಇದ್ರೂ. ನಿಮ್ಮಲ್ಲಿ ಇರಬಹುದು, ಇಲ್ಲದೇ ಇರಬಹುದು. ಇರೋ ಸಾಧ್ಯತೆ ಮೂರರಲ್ಲಿ ಒಂದು. ಇಬ್ಬರಲ್ಲೂ ಇದ್ರೆ, ಹುಟ್ಟೋ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು. ಎಲ್ಲಾ ಸೇರಿಸಿದ್ರೆ ಹನ್ನೆರಡರಲ್ಲಿ ಒಂದು.”

“ಅದು ಜಾಸ್ತಿಯಾ, ಕಡಿಮೆಯಾ?”

“ಅದು ಅಂಕಿ. ಅಷ್ಟೇ.”

“ನಾನು ಏನು ಮಾಡ್ಲಿ ಡಾಕ್ಟ್ರೇ?”

ಅವನು ಅವಳ ಮುಖ ನೋಡಲಿಲ್ಲ. “ಬೇರೆ ಯಾರೇ ಕೇಳಿದ್ರೂ ಒಂದು ಮಾತು ಹೇಳ್ತಿದ್ದೆ. ನಿಮಗೆ ನಾನು ಹೇಳೋ ಹಾಗಿಲ್ಲ.”

ನನಗೆ ಮಾತ್ರ ಯಾಕೆ ಹೇಳೋ ಹಾಗಿಲ್ಲ? ಆರು ತಿಂಗಳು ಪಕ್ಕದಲ್ಲಿ ಕೂತವಳು ಯಾರೋ ರೋಗಿಗಿಂತ ಕಡೆಯಾದಳೇ? ಜಗದಾಂಬಾ ಪೆನ್ನಿನ ಮುಚ್ಚಳ ಹಾಕಿ ಎದ್ದಳು. ಗೆರೆ ಎಳೆಯದ ನಕ್ಷೆ ಮೇಜಿನ ಮೇಲೇ ಉಳಿಯಿತು.

* * *

ಮನೆಯಲ್ಲಿ ಹೇಳದೆ ಇರಲು ಅವಳಿಗಾಗಲಿಲ್ಲ. ಅಮ್ಮ ಕಮಲಾಕ್ಷಮ್ಮ ಕೇಳಿಸಿಕೊಂಡು ಸೆರಗಲ್ಲಿ ಮುಖ ಒರೆಸಿಕೊಂಡರು. “ನಮ್ಮಣ್ಣನ ಮಗನನ್ನ ಬೇಡ ಅಂತೀಯಾ? ಅಣ್ಣನ ಕಣ್ಣು ಹೋಗ್ತಿರೋದು ಆ ಹುಡುಗನ ತಪ್ಪಾ?”

“ಬೇಡ ಅಂದಿಲ್ಲಮ್ಮ. ಡಾಕ್ಟರ್ ಹೇಳಿದ್ದು ಹೇಳ್ದೆ.”

ಗುರುಸಿದ್ದಯ್ಯನವರು ಪೇಪರು ಮಡಿಸಿಟ್ಟರು. “ಆ ಡಾಕ್ಟರಿಗೆ ಮದುವೆ ಆಗಿದೆಯಾ?”

“ಇಲ್ಲ ಅಪ್ಪಾಜಿ.”

“ಸರಿ. ಅರ್ಥ ಆಯ್ತು.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ತನಗೆ ಬೇಕು ಅಂತ ಅಂಕಿ ಕಟ್ಟಿ ಹೇಳಿದನೇ? ಹಾಗಾದರೆ ಅವನು ಮೋಸಗಾರ. ಹಾಗಾದರೆ ಅವನಿಗೆ ನಾನು... ಬೇಕು. ಮೊದಲನೆಯದನ್ನು ನೆನೆದರೆ ಸಿಟ್ಟು, ಎರಡನೆಯದನ್ನು ನೆನೆದರೆ ಇನ್ನೇನೋ. ಎರಡೂ ಒಟ್ಟಿಗೇ ಬರುತ್ತಿದ್ದವು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯದೆ ಅವಳು ಅಡುಗೆಮನೆಗೂ ಹಜಾರಕ್ಕೂ ಸುಮ್ಮನೆ ಓಡಾಡಿದಳು.

ಸುದ್ದಿ ಕೆಂಗೇರಿಗೆ ಹೋಯಿತು. ಶಂಭುಲಿಂಗ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿ ಬಂದ. ಭಾನುವಾರ ಅಪ್ಪ ಅಮ್ಮನನ್ನು ಕರೆದುಕೊಂಡು ರಾಜಾಜಿನಗರಕ್ಕೆ ಬಂದು, ಎಲ್ಲರ ಎದುರು ಹೇಳಿದ.

“ನಾನೇ ಆ ಡಾಕ್ಟರನ್ನ ನೇರವಾಗಿ ಕೇಳ್ದೆ ಮಾವಯ್ಯ. ಹನ್ನೆರಡರಲ್ಲಿ ಹನ್ನೊಂದು ಪಾಲು ಒಳ್ಳೇದೇ ಆಗತ್ತೆ, ಇಷ್ಟ ಇದ್ರೆ ಧಾರಾಳವಾಗಿ ಮದುವೆ ಆಗಿ ಅಂದ್ರು. ಕೈ ಕುಲುಕಿ ಕಳ್ಸಿದ್ರು.”

ಗುರುಸಿದ್ದಯ್ಯನವರ ಮುಖ ಸಡಿಲವಾಯಿತು. ಅಮ್ಮ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದರು. ಶಿವರಾತ್ರಿ ಕಳೆದ ಮೇಲೆ ನಿಶ್ಚಿತಾರ್ಥ ಎಂದು ಮಾತಾಯಿತು.

ಜಗದಾಂಬಾ ಅಂಗೈಯಲ್ಲಿದ್ದ ಸಕ್ಕರೆ ನೋಡುತ್ತಾ ಕೂತಳು. ಧಾರಾಳವಾಗಿ. ನನಗೆ ಹೇಳೋ ಹಾಗಿಲ್ಲ ಅಂದವನು ಭಾವನಿಗೆ ಧಾರಾಳವಾಗಿ ಆಗಿ ಅಂದನಂತೆ. ಅಪ್ಪಾಜಿ ಅಂದುಕೊಂಡದ್ದು ಸುಳ್ಳಾಯಿತು. ಅದಕ್ಕೆ ನನಗೆ ಸಮಾಧಾನ ಆಗಬೇಕಿತ್ತಲ್ಲ... ಯಾಕೆ ಆಗ್ತಿಲ್ಲ?

ಮರುದಿನ ಆಸ್ಪತ್ರೆಗೆ ಹೋದಳು. ಏಕಾಂತಯ್ಯ ಬಾಗಿಲಲ್ಲೇ ಎದುರಾದ.

“ಚಿತ್ರದ ಕೆಲಸ ಮುಗೀತು ಟೀಚರ್. ನಾಳೆಯಿಂದ ನೀವು ಬರೋದು ಬೇಡ.”

“ಹದಿನೇಳನೇ ನಕ್ಷೆ ಅರ್ಧಕ್ಕೇ ಇದೆ.”

“ಅದು ಬೇಕಾಗಿಲ್ಲ.”

“ನಾನು ಏನಾದ್ರೂ ತಪ್ಪು ಮಾಡಿದ್ನಾ?”

“ನೀವಲ್ಲ,” ಎಂದ. “ನಿಮಗೆ ಒಳ್ಳೇದಾಗ್ಲಿ,” ಎಂದು ಒಳಗೆ ಹೋಗಿಬಿಟ್ಟ.

ಅವಳು ಮೆಟ್ಟಿಲಿಳಿದಳು. ನೀವಲ್ಲ ಅಂದರೆ ಮತ್ತೆ ಯಾರು? ಅಳು ಬಂತು. ಯಾವುದಕ್ಕೆ ಅಳುತ್ತಿದ್ದೇನೆ ಎಂದು ಖಚಿತವಿಲ್ಲದೆ ಅತ್ತಳು.

* * *

ಫೆಬ್ರವರಿಯ ಕೊನೆಗೆ ಡಾಕ್ಟರ್ ನೀಲಗಂಗಮ್ಮನವರಿಂದ ಒಂದು ಕಾರ್ಡು ಬಂತು. ಸಂಶೋಧನಾ ಪತ್ರಿಕೆಗೆ ಹೋಗುವ ಚಿತ್ರಗಳ ಕೆಳಗೆ ಬರೆದವರ ಸಹಿ ಬೇಕು, ಬಂದು ಹೋಗುವುದು, ಎಂದು.

ಹೋಗಲೋ ಬೇಡವೋ ಎಂದು ಎರಡು ದಿನ ಒದ್ದಾಡಿ ಹೋದಳು. ನೀಲಗಂಗಮ್ಮನವರು ಐವತ್ತೈದು ದಾಟಿದವರು, ನೆರೆತ ಕೂದಲು, ಕಡ್ಡಿ ಮುರಿದ ಹಾಗೆ ಮಾತು. ಟೈಪಾದ ಹಾಳೆಗಳನ್ನು ಅವಳ ಮುಂದೆ ಸರಿಸಿದರು.

ಸಹಿ ಹಾಕುತ್ತಾ ಜಗದಾಂಬಾ ಪಟ್ಟಿ ನೋಡಿದಳು. ಹದಿನಾರು ಆದ ಮೇಲೆ ಹದಿನೆಂಟು. ಮೇಲೆ ‘ಒಟ್ಟು ಮೂವತ್ತು ಕುಟುಂಬಗಳು’ ಎಂದಿತ್ತು.

“ಹದಿನೇಳು ಎಲ್ಲಿ ಮೇಡಂ?”

“ಅದನ್ನ ನಾನು ನಿನ್ನ ಕೇಳ್ಬೇಕು.” ಅವರು ಕನ್ನಡಕ ತೆಗೆದರು. “ಇಡೀ ಕೆಲಸದ ಬೆನ್ನೆಲುಬು ಆ ಕುಟುಂಬ. ಅದಿದ್ರೆ ದೆಹಲಿಯವರು ಇವನನ್ನ ಸಂಶೋಧನೆ ಹುದ್ದೆಗೆ ಕರೀತಿದ್ರು. ಅದಿಲ್ಲ ಅಂದ್ರೆ ಇನ್ನೆರಡು ವರ್ಷ ಊರೂರು ಅಲೀಬೇಕು. ಅದನ್ನ ತಾನೇ ಹೊಡೆದು ಹಾಕಿದ್ದಾನೆ. ಯಾಕಪ್ಪಾ ಅಂದ್ರೆ ನನಗೊಂದು ಚೀಟಿ ಬರೆದುಕೊಟ್ಟ.”

ಡ್ರಾಯರಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಗುರುತಿನ ಅಕ್ಷರ.

‘ಹದಿನೇಳನೇ ಕುಟುಂಬದ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಾಗಿಲ್ಲ. ಆ ಕುಟುಂಬದ ಒಬ್ಬರ ಮದುವೆ ನಿಲ್ಲಲಿ ಎಂದು ನನ್ನ ಮನಸ್ಸು ಬಯಸುತ್ತಿದೆ. ಹೀಗಿರುವಾಗ ನಾನು ಮಾಡಿದ ಪರೀಕ್ಷೆಯನ್ನು ನಾನೇ ನಂಬಲಾರೆ.’

ಅವಳು ಎರಡು ಸಲ ಓದಿದಳು. ಮೂರನೆಯ ಸಲ ಅಕ್ಷರಗಳು ಕಾಣಿಸಲಿಲ್ಲ.

“ಆದ್ರೆ ಮೇಡಂ... ಶಂಭು ಭಾವನಿಗೆ ಧಾರಾಳವಾಗಿ ಆಗಿ ಅಂದ್ರಂತೆ.”

“ಅದಕ್ಕೇ ನಾನು ಬೈದಿದ್ದು. ಬೇರೆ ಮೂವತ್ತು ಮನೆಯವರಿಗೂ, ಸಾಧ್ಯವಾದ್ರೆ ಈ ಸಂಬಂಧ ತಪ್ಪಿಸಿ ಅಂತಾನೇ ಹೇಳಿದ್ದಾನೆ. ನಿಮ್ಮನೆಯವನಿಗೊಬ್ಬನಿಗೇ ಧಾರಾಳ. ತನ್ನ ಆಸೆಗೆ ಹೆದರಿ ಇನ್ನೊಂದು ಪಕ್ಕಕ್ಕೆ ವಾಲಿಬಿಟ್ಟ. ಅದೂ ಪಕ್ಷಪಾತಾನೇ ಅಲ್ವೇನೋ ದಡ್ಡ ಅಂದೆ. ಬಾಯಿ ಬಿಡಲಿಲ್ಲ. ಈಗ ಸಂಶೋಧನೇನೂ ಬೇಡ ಅಂತ ಶಾಲೆ ಮಕ್ಕಳ ಕಣ್ಣು ನೋಡ್ಕೊಂಡು ಓಡಾಡ್ತಿದ್ದಾನೆ. ಈ ವಾರ ಬಾಪೂಜಿನಗರ.”

ಮೂರು ತಿಂಗಳು ಜಗದಾಂಬಾಳ ತಲೆಯೊಳಗೆ ಗಂಟುಕಟ್ಟಿಕೊಂಡಿದ್ದದ್ದೆಲ್ಲ ಒಂದೊಂದೇ ಎಳೆ ಬಿಡುತ್ತಿತ್ತು. ಆದರೂ ಪೂರ್ತಿ ಬಿಡಲಿಲ್ಲ. ಅವನ ಮನಸ್ಸು ತಿಳಿಯಿತು, ಸರಿ. ನನ್ನದು?

“ಮೇಡಂ, ನೀವೇ ನಮ್ಮನೆಯವರನ್ನೆಲ್ಲ ಹೊಸದಾಗಿ ಪರೀಕ್ಷೆ ಮಾಡಿದ್ರೆ? ಆಗ ಅದು ನಿಮ್ಮ ಪರೀಕ್ಷೆ ಆಗತ್ತಲ್ವಾ?”

ನೀಲಗಂಗಮ್ಮ ಕನ್ನಡಕ ಮತ್ತೆ ಹಾಕಿಕೊಂಡರು. “ಆಗತ್ತೆ. ಅವನ ತಲೆಗೆ ಇದು ಹೊಳೀಲಿಲ್ಲ ನೋಡು. ನಿಮ್ಮ ಮಾವ ಒಪ್ತಾರಾ?”

* * *

ಮಾರನೇ ದಿನ ಶಾಲೆಗೆ ರಜೆ ಹಾಕಿ ಕೆಂಗೇರಿಗೆ ಹೋದಳು. ಶಂಭುಲಿಂಗ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದ. ಗಿರಾಕಿ ಹೋದ ಮೇಲೆ ಸ್ಟೂಲು ಎಳೆದು ಕೊಟ್ಟ.

“ಏನು ಜಗದಾ, ಒಬ್ಬಳೇ ಬಂದೆ?”

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಹಾರಿಹೋಯಿತು. “ಭಾವ, ನನಗೆ ಈ ಮದುವೆ ಬೇಡ,” ಎಂದಳು.

ಅವನು ತಕ್ಕಡಿಯ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟ. “ಆ ಹನ್ನೆರಡರಲ್ಲಿ ಒಂದಕ್ಕಾ?”

“ಅಲ್ಲ. ಅದು ಸೊನ್ನೆ ಆಗಿದ್ರೂ ನಾನು ಇದೇ ಹೇಳ್ತಿದ್ದೆ. ತಡವಾಗಿ ಗೊತ್ತಾಯ್ತು. ನಿನ್ನ ಮೇಲೆ ನನಗೆ ಒಂಚೂರೂ ಬೇಜಾರಿಲ್ಲ ಭಾವ.”

“ಆ ಡಾಕ್ಟರಾ?”

ಅವಳು ತಲೆ ತಗ್ಗಿಸಿದಳು.

ಶಂಭುಲಿಂಗ ಉಳಿದ ಮೊಳೆಗಳನ್ನು ಡಬ್ಬಿಗೆ ಹಾಕತೊಡಗಿದ. ಮೈಸೂರು ಕಡೆಯ ರೈಲು ಬಂದು ನಿಂತು ಹೊರಟಿತು. “ಅವತ್ತು ಆ ಮನುಷ್ಯ ನನ್ನ ಕೈ ಕುಲುಕಿದಾಗ ಕೈ ತಣ್ಣಗಿತ್ತು,” ಎಂದ ಕೊನೆಗೆ. “ಯಾಕಪ್ಪಾ ಇವರು ಹೀಗೆ ನಡುಗ್ತಾರೆ ಅಂದ್ಕೊಂಡೆ. ಹೇಳೋ ಮಾತಿಗೂ ಮುಖಕ್ಕೂ ತಾಳೆ ಇರ್ಲಿಲ್ಲ.” ನಗಲು ನೋಡಿದ, ಆಗಲಿಲ್ಲ. “ನನಗೂ ಒಂದು ದಿಗಿಲಿತ್ತು ಕಣೇ. ಅಪ್ಪನ್ನ ಸಂಜೆ ಕೈ ಹಿಡ್ಕೊಂಡು ಹಿತ್ತಲಿಗೆ ಕರ್ಕೊಂಡು ಹೋಗುವಾಗೆಲ್ಲ, ನಾಳೆ ನನ್ನ ಮಗೂನೂ ಹೀಗೇನಾ ಅಂತ. ನಿನ್ನ ಹತ್ರ ಹೇಳ್ಕೊಳ್ಳೋಕೆ ಆಗ್ಲಿಲ್ಲ. ಹೇಳಿದ್ರೆ ನಿನ್ನ ಬೇಡ ಅಂದ ಹಾಗಾಗತ್ತಲ್ಲ... ಹೋಗು. ಅಪ್ಪ ಒಳಗಿದ್ದಾರೆ. ನೀನೇ ಹೇಳು. ನಾನು ಹೇಳಿದ್ರೆ ಅವರು ಬೇರೆ ಥರ ತಿಳ್ಕೋತಾರೆ.”

ಮಾವ ಪಡಸಾಲೆಯಲ್ಲಿ ಬಿಸಿಲು ಬೀಳುವ ಕಡೆ ಕೂತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿಕೊಂಡರು. ಅವರ ಕೈ ಹೆಗಲ ಮೇಲಿನ ವಸ್ತ್ರವನ್ನು ಸವರುತ್ತಲೇ ಇತ್ತು.

“ನನ್ನ ಕಣ್ಣಿಂದ ಮುರೀತೇನವ್ವಾ ಇದು?”

ಜಗದಾಂಬಾ ಕೆಳಗೆ ಕೂತು ಅವರ ಮೊಣಕಾಲಿನ ಮೇಲೆ ತಲೆಯಿಟ್ಟಳು. “ಇಲ್ಲ ಮಾವ. ನಿಮ್ಮಾಣೆ ಇಲ್ಲ. ನನ್ನ ಮನಸ್ಸಿಂದ ಮುರೀತು. ಬೈಯೋದಾದ್ರೆ ನನಗೇ ಬೈಯಿರಿ.”

ಅವರು ಬೈಯಲಿಲ್ಲ. ಅವಳ ತಲೆ ಸವರಿದರು. “ಸಾಯಂಕಾಲ ಆದ್ಮೇಲೆ ನನಗೆ ಯಾರ ಮುಖಾನೂ ಕಾಣ್ಸಲ್ಲ. ಆದ್ರೆ ದನಿಯಲ್ಲಿ ಗೊತ್ತಾಗತ್ತೆ. ನಿಶ್ಚಿತಾರ್ಥದ ಮಾತಾದ ದಿನ ನಿನ್ನ ದನಿ ಸರಿಯಿರ್ಲಿಲ್ಲ. ಕೇಳ್ಬೇಕಿತ್ತು, ಕೇಳ್ಲಿಲ್ಲ,” ಎಂದರು. ಆಮೇಲೆ, “ಆ ಡಾಕ್ಟರಮ್ಮ ನೋಡ್ತಾರೆ ಅಂದ್ರೆ ಬರ್ತೀನಿ. ಈ ಕಣ್ಣು ನನಗಂತೂ ಒದಗ್ಲಿಲ್ಲ, ಅವರ ಪುಸ್ತಕಕ್ಕಾದ್ರೂ ಒದಗ್ಲಿ. ನಿಮ್ಮಮ್ಮನಿಗೆ ನಾನು ಹೇಳ್ತೀನಿ. ನಿಮ್ಮಪ್ಪನ ಜವಾಬ್ದಾರಿ ಮಾತ್ರ ನನ್ನದಲ್ಲ.”

* * *

ಹಿಂದಿರುಗುವ ಬಸ್ಸು ಮೈಸೂರು ರಸ್ತೆಯಲ್ಲಿ ಬರುತ್ತಿತ್ತು. ಬಾಪೂಜಿನಗರ ಎಂದು ಕಂಡಕ್ಟರ್ ಕೂಗಿದಾಗ ಅವಳಿಗೆ ಇಳಿಯುವ ಧೈರ್ಯವಿರಲಿಲ್ಲ. ಆದರೂ ಇಳಿದಿದ್ದಳು.

ವಿಚಾರಿಸಿಕೊಂಡು ಶಾಲೆ ಸೇರುವಷ್ಟರಲ್ಲಿ ಅದು ಬಿಟ್ಟಿತ್ತು. ಮಕ್ಕಳು ಗೇಟಿನಿಂದ ಹೊರಗೆ ಸುರಿಯುತ್ತಿದ್ದರು. ಒಂದು ಕೋಣೆಯಲ್ಲಿ ಏಕಾಂತಯ್ಯ ಗೋಡೆಯಿಂದ ಅಕ್ಷರದ ಚಾರ್ಟು ಬಿಚ್ಚುತ್ತಿದ್ದ. ಸೊರಗಿದ್ದ. ಅವಳನ್ನು ನೋಡಿ ಚಾರ್ಟಿನ ಒಂದು ತುದಿ ಕೈಬಿಟ್ಟ.

“ಟೀಚರ್... ನಿಶ್ಚಿತಾರ್ಥ ಮುಗೀತಾ?”

“ಇಲ್ಲ. ಆಗಲ್ಲ. ಈಗ ಕೆಂಗೇರಿಯಿಂದ ಬರ್ತಾ ಇದೀನಿ. ನಾನೇ ಬೇಡ ಅಂದೆ.”

ಅವನ ಮುಖದಲ್ಲಿ ಸಂತೋಷ ಬರಲಿಲ್ಲ, ಗಾಬರಿ ಬಂತು. “ನಾನು ಹೇಳಿದ ಅಂಕಿಯಿಂದಾನಾ? ಹಾಗಾದ್ರೆ ತಪ್ಪಾಯ್ತು. ನಾನು ಹೇಳಿದ್ದು ಸರೀನಾ ಅಂತ ನನಗೇ...”

“ನಿಮ್ಮ ಅಂಕಿ ಸರಿಯಾಗೇ ಇದೆ. ನೀವೇ ಸರಿಯಿಲ್ಲ.” ಅವಳ ದನಿ ಏರಿತು. “ನನಗೆ ಹೇಳೋ ಹಾಗಿಲ್ಲ ಅಂದ್ರಿ. ಭಾವನಿಗೆ ಧಾರಾಳವಾಗಿ ಆಗಿ ಅಂದ್ರಿ. ನನಗೆ ಬರಬೇಡಿ ಅಂದ್ರಿ. ಚೀಟಿ ಬರೆದು ಮೇಡಂ ಕೈಗೆ ಕೊಟ್ರಿ. ಎಲ್ಲರಿಗೂ ಒಂದೊಂದು ಹೇಳಿದ್ರಿ, ಹೇಳ್ಬೇಕಾದವಳಿಗೆ ಏನೂ ಹೇಳ್ಲಿಲ್ಲ. ಮೂರು ತಿಂಗಳು ನಾನು ಹುಚ್ಚಿ ಥರ ಆಗಿದ್ದೆ ಗೊತ್ತಾ?”

“ಚೀಟಿ ಓದಿದ್ರಾ?”

“ಮೂರು ಸಲ.”

ಅವನು ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟ. “ನಿಮಗೆ ಆ ಮದುವೆ ಬೇಡ ಅನ್ನೋಕೆ ನನ್ನ ಹತ್ರ ಒಂದು ಕಾರಣ ಇತ್ತು, ಡಾಕ್ಟರಾಗಿ. ಇನ್ನೊಂದು ಕಾರಣ ಇತ್ತು. ಬಾಯಿಂದ ಬರೋ ಮಾತು ಯಾವ ಕಾರಣದಿಂದ ಬರ್ತಿದೆ ಅಂತ ನನಗೇ ಗೊತ್ತಾಗ್ತಿರ್ಲಿಲ್ಲ. ಕಣ್ಣಿನ ಹೆಸರು ಹೇಳಿ ನಿಮ್ಮನ್ನ ಕಿತ್ಕೊಂಡೆ ಅಂತ ನಾಳೆ ನಿಮಗೇ ಅನ್ಸಿದ್ರೆ? ಅದಕ್ಕೆ ಸುಮ್ಮನಾದೆ.”

“ಇನ್ನೊಂದು ಕಾರಣ ಏನು?”

“ಗೊತ್ತಲ್ಲ.”

“ಚೀಟಿಯಲ್ಲಿ ಓದಿದ್ದು ಬೇರೆ. ನೀವು ಹೇಳಿ.”

ಅವನು ನೆಲ ನೋಡಿದ, ಚಾರ್ಟು ನೋಡಿದ, ಕೊನೆಗೆ ಅವಳನ್ನು ನೋಡಿದ. “ನೀವು ಬರದ ದಿನ... ಆಸ್ಪತ್ರೆಯಲ್ಲಿ ನನಗೆ ಕೂರೋಕೆ ಆಗಲ್ಲ. ಬಂದ ದಿನ ಕೆಲಸ ಮಾಡೋಕೆ ಆಗಲ್ಲ. ನನಗೆ ನೀವು ಬೇಕು. ಜೊತೆಗೆ. ಯಾವಾಗ್ಲೂ.”

ಅಷ್ಟು ಹೇಳುವುದರೊಳಗೆ ಅವನ ಹಣೆಯಲ್ಲಿ ಬೆವರು ಬಂದಿತ್ತು. ಜಗದಾಂಬಾ ಎದುರಿನ ಬೆಂಚಿನಲ್ಲಿ ಕೂತಳು. ಡಿಸೆಂಬರಿನಿಂದ ಕಿತ್ತಾಡುತ್ತಿದ್ದ ಅವಳ ಮನಸ್ಸು ತಣ್ಣಗಾಗಿತ್ತು. ಆಶ್ಚರ್ಯವೆಂದರೆ, ಈಗ ಅವಳಿಗೆ ಅಳು ಬರಲಿಲ್ಲ, ಹಸಿವಾಯಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ.

“ಸೋಮವಾರ ಮಾವ ಆಸ್ಪತ್ರೆಗೆ ಬರ್ತಾರೆ,” ಎಂದಳು. “ಅಮ್ಮನನ್ನೂ ಕರ್ಕೊಂಡು ಬರ್ತೀನಿ. ಮೇಡಂ ಪರೀಕ್ಷೆ ಮಾಡ್ತಾರೆ. ನೀವು ಆ ಕೋಣೆಗೇ ಕಾಲಿಡಬೇಡಿ. ಹದಿನೇಳು ಮತ್ತೆ ಪಟ್ಟಿಗೆ ಸೇರತ್ತೆ. ದೆಹಲಿ ಕೆಲಸ ಬಂದ್ರೆ ಬರ್ಲಿ.”

ಅವನು ಅವಳನ್ನೇ ನೋಡುತ್ತಿದ್ದ. “ಇದು ನನಗೆ ಹೊಳೀಲೇ ಇಲ್ಲ.”

“ಮೇಡಮ್ಮೂ ಅದೇ ಅಂದ್ರು. ದಡ್ಡ ಅಂತಾನೂ ಅಂದ್ರು.”

ಅವನು ನಕ್ಕ. ನಗು ಬೇಗ ಆರಿತು. “ಬಂದ್ರೆ ದೆಹಲಿಗೆ... ನೀವು ಬರ್ತೀರಾ?”

“ಕಣ್ಣಿನ ಚಿತ್ರ ಅಲ್ಲೂ ಬರೀಬೇಕಲ್ಲ. ಬರ್ತೀನಿ. ಆದ್ರೆ ಅದಕ್ಕೆ ಮುಂಚೆ ನಮ್ಮಪ್ಪಾಜಿ ಹತ್ರ ನೀವು ಮಾತಾಡ್ಬೇಕು. ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿರ್ತಾರೆ, ಆಗ ಬನ್ನಿ.”

“ಬರ್ತೀನಿ. ಏನಂತ ಹೇಳ್ಲಿ?”

“ನನಗೆ ಈಗ ಹೇಳಿದ್ರಲ್ಲ, ಅದೇ.”

“ಅದನ್ನ ಇನ್ನೊಂದು ಸಲ ಹೇಳೋಕೆ ನನ್ನಿಂದಾಗಲ್ಲ ಜಗದಾ.”

ಅವನು ಟೀಚರ್ ಅನ್ನಲಿಲ್ಲ. ಅವನ ಗಮನಕ್ಕೆ ಅದು ಬಂದಿರಲಿಲ್ಲ. ಅವಳ ಗಮನಕ್ಕೆ ಬಂದಿತ್ತು.

“ಭಾನುವಾರಕ್ಕೆ ಇನ್ನೂ ಮೂರು ದಿನ ಇದೆ,” ಎಂದಳು ಮೆಲ್ಲಗೆ. “ರೂಢಿ ಮಾಡ್ಕೊಳ್ಳಿ. ಈಗ ಹೇಳಿ, ಕೇಳ್ತೀನಿ.”

ಅವನು ಹೇಳಿದ. ಈ ಸಲವೂ ತಡವರಿಸಿದ, ಎರಡು ಪದ ಬಿಟ್ಟುಬಿಟ್ಟ. ಜಗದಾಂಬಾ ತಿದ್ದಲು ಹೋಗಲಿಲ್ಲ.

“ಸರಿಯಾಯ್ತಾ?”

“ಇಲ್ಲ,” ಎಂದಳು. “ಇನ್ನೊಂದು ಸಲ.”